ಏಳೂ ಮೂವತ್ತೈದರ ಸೂರ್ಯ: ಒಂದು ಪುಟ್ಟ ಕ್ಯಾನ್ವಾಸಿನ ಜಾಡಿನಲ್ಲಿ ಐದು ದಿನ

ಎರಡೂ ಕೈಯಲ್ಲಿ ಬಿಚ್ಚಿ ಹಿಡಿದ ದಿನಪತ್ರಿಕೆ ಎಷ್ಟಿರುತ್ತದೋ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಇಂಪ್ರೆಷನ್, ಸೂರ್ಯೋದಯ’ ಅಷ್ಟೇ ಇದೆ. ಅಗಲ ಸುಮಾರು 65 ಸೆಂ.ಮೀ., ಎತ್ತರ 50. (63 × 48 ಎಂದು ಕೊಡುವ ಪುಸ್ತಕಗಳೂ ಇವೆ.) ಇಂಪ್ರೆಷನಿಸಂ ಎಂಬ ಇಡೀ ಕಲಾಪಂಥಕ್ಕೆ ಹೆಸರು ತಂದುಕೊಟ್ಟ ಚಿತ್ರ ಗೋಡೆ ತುಂಬ ಹರಡಿರಬೇಕು ಎಂದುಕೊಂಡು ಬಂದವರು ಎದುರು ನಿಂತು ‘ಇದೇನಾ?’ ಅನ್ನುವುದುಂಟು. ಇನ್ನೊಂದು ದೂರು ಇದಕ್ಕಿಂತ ಹಳೆಯದು, 1874ರದು: ಎಲ್ಲ ಮಸುಕು, ಯಾವುದೂ ನೆಟ್ಟಗಿಲ್ಲ. ಈ ಎರಡನೆಯ ದೂರು ತಪ್ಪು. ಯಾವ ಊರು, ಯಾವ ಕಿಟಕಿ, ಯಾವ ದಿಕ್ಕು, ಎಷ್ಟು ಗಂಟೆ ಅನ್ನುವುದನ್ನೆಲ್ಲ ಈ ಮಸುಕಿನಿಂದಲೇ ಲೆಕ್ಕ ಹಾಕಿ ತೆಗೆದಿದ್ದಾರೆ. ಚಿತ್ರವನ್ನು ಪ್ಯಾರಿಸ್ಸಿನಲ್ಲಿ ಒಮ್ಮೆ ನೋಡಿ, ಅದನ್ನು ಬರೆದ ಊರಾದ, ಫ್ರಾನ್ಸಿನ ಉತ್ತರ ಕರಾವಳಿಯ ಲೆ ಹಾವ್ರ್ ಬಂದರಿನಲ್ಲಿ ಅದೇ ಸೂರ್ಯ ಹುಟ್ಟುವುದನ್ನು ನೋಡಿ, ಮರಳಿ ಬಂದು ಇನ್ನೊಮ್ಮೆ ಚಿತ್ರದೆದುರು ನಿಲ್ಲಲು ಐದು ದಿನ ಸಾಕು.

ಹೊರಡುವ ಮುನ್ನ

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ತಿಂಗಳು. ಬೆಂಗಳೂರಿನಲ್ಲಿ ಉತ್ತರಾಯಣ, ದಕ್ಷಿಣಾಯನ ಎರಡರಲ್ಲೂ ಸೂರ್ಯ ಹುಟ್ಟುವ ಜಾಗ ನೇರ ಪೂರ್ವದಿಂದ ಒಂದೊಂದು ಕಡೆಗೆ ಸುಮಾರು 24 ಡಿಗ್ರಿ ಸರಿಯುತ್ತದೆ. ಲೆ ಹಾವ್ರ್ ಬಹಳ ಉತ್ತರಕ್ಕಿದೆ, ಅಲ್ಲಿ ಅದು ಸುಮಾರು 38 ಡಿಗ್ರಿ. ಜೂನ್‌ನಲ್ಲಿ ಹೋದರೆ ಸೂರ್ಯ ಈಶಾನ್ಯದಲ್ಲಿ, ಊರಿನ ಮನೆಗಳ ಹಿಂದೆ ಹುಟ್ಟುತ್ತಾನೆ. ಬಂದರಿನ ನೀರಿಗೂ ಅವನಿಗೂ ಸಂಬಂಧವೇ ಇರುವುದಿಲ್ಲ. ಚಿತ್ರದ ಸೂರ್ಯ ಇರುವುದು ಆಗ್ನೇಯದಲ್ಲಿ. ಆ ಜಾಗಕ್ಕೆ ಅವನು ಬರುವುದು ವರ್ಷಕ್ಕೆ ಎರಡು ಸಲ: ನವೆಂಬರ್ ನಡುವಿನಲ್ಲಿ, ಮತ್ತೆ ಜನವರಿಯ ಕೊನೆಯ ವಾರದಲ್ಲಿ. ಬೇಸಿಗೆ ರಜೆಗೆ ಯುರೋಪ್ ಪ್ರವಾಸ ಹಾಕಿಕೊಳ್ಳುವವರಿಗೆ ಈ ಯಾತ್ರೆ ಕೂಡಿಬರದು. ನವೆಂಬರ್ 1ರ ನಂತರ ಜಿವೆರ್ನಿಯ ಮೊನೆ ತೋಟವೂ ಏಪ್ರಿಲ್‌ವರೆಗೆ ಮುಚ್ಚಿರುತ್ತದೆ. ಹೋಗಲಿ, ಅದು ಬೇರೆಯೇ ಪ್ರವಾಸ.

ಎರಡನೆಯದು, ಚಿತ್ರ ತನ್ನ ಮನೆಯಾದ ಪ್ಯಾರಿಸ್ಸಿನ ಮಾರ್ಮೊತ್ತಾಂ ಮೊನೆ ಮ್ಯೂಸಿಯಂನಲ್ಲೇ ಇದೆಯೇ ಎಂದು ವಿಚಾರಿಸುವುದು. ಅದು ಆಗಾಗ ಊರೂರು ಸುತ್ತುತ್ತದೆ. 2017ರಲ್ಲಿ ಲೆ ಹಾವ್ರ್‌ಗೆ ಹೋಗಿತ್ತು. 2024ರಲ್ಲಿ ಮೊದಲು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂಗೆ, ಅಲ್ಲಿಂದ ವಾಷಿಂಗ್ಟನ್‌ಗೆ ಹೋಯಿತು. ಮಾರ್ಮೊತ್ತಾಂನ ಜಾಲತಾಣವನ್ನು ವಿಮಾನದ ಟಿಕೆಟ್ ತೆಗೆಯುವ ಮೊದಲೇ ನೋಡಿ, ಆಮೇಲಲ್ಲ. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಒಳಗೆ, ಕೊನೆಯ ಪಕ್ಷ ಹದಿನೈದು ದಿನ ಮೊದಲು ಹಾಕಬೇಕು. 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಬುಧವಾರ ಶುರುಮಾಡಿ ಭಾನುವಾರ ಮುಗಿಸಿದರೆ ಅನುಕೂಲ. ದಾರಿಯಲ್ಲಿ ಸಿಗುವ ಮೂರೂ ಮ್ಯೂಸಿಯಂಗಳಿಗೆ ಸೋಮವಾರ ರಜೆ.

ಮೊದಲ ದಿನ, ಬುಧವಾರ: 35ನೇ ನಂಬರಿನ ಕಟ್ಟಡ

ಪ್ಯಾರಿಸ್ಸಿನ ಒಪೆರಾ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಬುಲ್ವಾರ್ ದೆ ಕಪ್ಯುಸೀನ್ ಬೀದಿ ಎದುರಿಗೇ ಇದೆ. ಅದರ 35ನೇ ನಂಬರಿನ ಕಟ್ಟಡದಲ್ಲಿ ಫೋಟೊಗ್ರಾಫರ್ ನಾದಾರ್ ಸ್ಟುಡಿಯೊ ಇತ್ತು. ಅವನು ಖಾಲಿ ಮಾಡಿದ್ದ ಆ ಜಾಗದಲ್ಲಿ 1874ರ ಏಪ್ರಿಲ್ 15ರಿಂದ ಮೇ 15ರವರೆಗೆ ಸುಮಾರು ಮೂವತ್ತು ಕಲಾವಿದರು ‘ಸಲೋಂ’ ಎಂಬ ಸರ್ಕಾರಿ ಕಲಾಪ್ರದರ್ಶನದ ಹಂಗು ತೊರೆದು ತಮ್ಮ ಪಾಡಿಗೆ ಪ್ರದರ್ಶನ ಇಟ್ಟರು. ಪ್ರವೇಶ ಒಂದು ಫ್ರಾಂಕ್, ಕ್ಯಾಟಲಾಗಿಗೆ ಐವತ್ತು ಸಾಂತೀಮ್, ರಾತ್ರಿ ಎಂಟರಿಂದ ಹತ್ತರವರೆಗೂ ಬಾಗಿಲು ತೆರೆದಿರುತ್ತಿತ್ತು. ಈಗ ಇಲ್ಲಿ ನೋಡಲು ಏನೂ ಇಲ್ಲ, ಮುಖ ಬದಲಾದ ಒಂದು ವ್ಯಾಪಾರಿ ಕಟ್ಟಡ ಅಷ್ಟೆ. ಹತ್ತು ನಿಮಿಷ ಸಾಕು.

ಕ್ಯಾಟಲಾಗಿನಲ್ಲಿ 98ನೆಯದು ನಮ್ಮ ಚಿತ್ರ. ಕ್ಯಾಟಲಾಗನ್ನು ಸಿದ್ಧಪಡಿಸುತ್ತಿದ್ದವನು ಚಿತ್ರಕಾರ ರೆನ್ವಾರ್‌ನ ತಮ್ಮ ಎದ್ಮೋಂ. ಇದನ್ನು ಲೆ ಹಾವ್ರ್‌ನ ನೋಟ ಎಂದು ಕರೆಯುವ ಹಾಗಿರಲಿಲ್ಲ, ಆದ್ದರಿಂದ ‘ಇಂಪ್ರೆಷನ್’ ಎಂದು ಹಾಕಿ ಅಂದೆ ಎಂದು ಮೊನೆ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದ. ಏಪ್ರಿಲ್ 25ರ ‘ಲ ಶಾರಿವಾರಿ’ ಪತ್ರಿಕೆಯಲ್ಲಿ ಲೂಯಿ ಲೆರುವಾ ಆ ಪದವನ್ನೇ ಹಿಡಿದು, ಗೋಡೆಗೆ ಅಂಟಿಸುವ ಕಾಗದ ಅರೆಬರೆ ಇರುವಾಗಲೂ ಇದಕ್ಕಿಂತ ಪೂರ್ಣವಾಗಿರುತ್ತದೆ ಎಂದು ಗೇಲಿ ಮಾಡಿದ, ಲೇಖನದ ತಲೆಬರಹದಲ್ಲೇ ‘ಇಂಪ್ರೆಷನಿಸ್ಟರು’ ಎಂದು ಬರೆದ. ಬೈಗುಳವೇ ಬಿರುದಾಯಿತು.

ಅಲ್ಲಿಂದ ತ್ವಿಲೆರಿ ತೋಟ ಹಾಯ್ದು, ಸೇನ್ ನದಿ ದಾಟಿ ಓರ್ಸೆ ಮ್ಯೂಸಿಯಂಗೆ ಅರ್ಧ ಗಂಟೆಯ ನಡಿಗೆ. ಸಮಯ ನಮೂದಿಸಿದ ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಟ್ಟರೆ ಉದ್ದನೆಯ ಸಾಲು ತಪ್ಪುತ್ತದೆ. ಒಳಗೆ ಹೋದವರು ನೇರ ಐದನೇ ಮಹಡಿಗೆ ಹತ್ತಿ ಮೊನೆಯ 1873ರ ‘ಗಸಗಸೆ ಹೂಗಳು’ ಹುಡುಕಿ. ಇದೂ 1874ರ ಪ್ರದರ್ಶನದಲ್ಲಿತ್ತು, ಕ್ಯಾಟಲಾಗಿನಲ್ಲಿ 95. ಇದರ ಅಳತೆ 50 × 65.3 ಸೆಂ.ಮೀ. ನಾಳೆ ನೋಡುವ ಚಿತ್ರದ್ದೂ ಹೆಚ್ಚುಕಡಿಮೆ ಅದೇ, ಇದು ಕಾಕತಾಳೀಯವಲ್ಲ. ಫ್ರಾನ್ಸಿನ ಬಣ್ಣದ ಅಂಗಡಿಗಳು ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿದು, ಮೇಲೆ ತಿಳಿಬಣ್ಣದ ಲೇಪ ಕೊಟ್ಟು, ನಂಬರಿನ ಮೇಲೆ ಮಾರುತ್ತಿದ್ದವು. 15ನೇ ನಂಬರಿನಲ್ಲಿ ಮೂರು ಬಗೆ: ಮನುಷ್ಯಾಕೃತಿಗೆ 65 × 54, ಭೂದೃಶ್ಯಕ್ಕೆ 65 × 50, ಸಮುದ್ರದೃಶ್ಯಕ್ಕೆ 65 × 46. ಎಂದರೆ ಸಮುದ್ರವನ್ನು ಬರೆದದ್ದು ಭೂದೃಶ್ಯದ ಅಳತೆಯಲ್ಲಿ. ಕಂಕುಳಲ್ಲಿ ಇರುಕಿಕೊಂಡು ರೈಲು ಹತ್ತಬಹುದಾದ ಗಾತ್ರ ಇದು. 1841ರಲ್ಲಿ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ಕಂಡುಹಿಡಿದ ತವರದ ಟ್ಯೂಬುಗಳು ಬಣ್ಣವನ್ನು ಒಣಗಗೊಡದೆ ಇಡುತ್ತಿದ್ದವು. ಬೆಳಗಿನ ಅರ್ಧ ಗಂಟೆಯ ಬೆಳಕನ್ನು ಹಿಡಿಯುವ ಕೆಲಸದ ಹಿಂದೆ ಇಂಥ ಅಂಗಡಿ ಸಾಮಾನಿನ ಪಾಲು ದೊಡ್ಡದು.

ಅದೇ ಮಹಡಿಯಲ್ಲಿ ಮೊನೆಯ 1877ರ ‘ಸಾಂ-ಲಜಾರ್ ರೈಲು ನಿಲ್ದಾಣ’ವನ್ನೂ ನೋಡಿಕೊಂಡಿರಿ. ಶುಕ್ರವಾರ ರೈಲು ಹತ್ತುವುದು ಅಲ್ಲೇ.

ಎರಡನೇ ದಿನ, ಗುರುವಾರ: ಮಾರ್ಮೊತ್ತಾಂ

ಮೆಟ್ರೊ 9ನೇ ಲೈನಿನಲ್ಲಿ ಲಾ ಮ್ಯುಎಟ್ ನಿಲ್ದಾಣ, ಅಲ್ಲಿಂದ ರಾನಲಾ ತೋಟದ ಮೂಲಕ ಏಳೆಂಟು ನಿಮಿಷ ನಡೆದರೆ ರ‍್ಯೂ ಲೂಯಿ-ಬುವಾಯಿಯ 2ನೇ ಮನೆ. ಹೌದು, ಮನೆಯೇ. ಡ್ಯೂಕ್ ಒಬ್ಬರ ಬೇಟೆಯ ಬಂಗಲೆಯಾಗಿದ್ದುದನ್ನು 1882ರಲ್ಲಿ ಜೂಲ್ ಮಾರ್ಮೊತ್ತಾಂ ಕೊಂಡರು. ಮಗ ಪೋಲ್ ಅದನ್ನು ಲಲಿತಕಲಾ ಅಕಾಡೆಮಿಗೆ ಬರೆದಿಟ್ಟರು. 1934ರಲ್ಲಿ ಮ್ಯೂಸಿಯಂ ಆಯಿತು. ಗುರುವಾರ ಸಾಮಾನ್ಯವಾಗಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಸಂಜೆ ಆರರ ಮೇಲೆ ಗುಂಪು ಕರಗುತ್ತದೆ. ಪ್ಯಾರಿಸ್ ಮ್ಯೂಸಿಯಂ ಪಾಸ್ ಇಲ್ಲಿ ನಡೆಯುವುದಿಲ್ಲ, ಬೇರೆಯೇ ಟಿಕೆಟ್ ಕೊಳ್ಳಬೇಕು. ಪಾಸ್ ಇದೆಯೆಂಬ ಧೈರ್ಯದಲ್ಲಿ ಬಂದು ಬಾಗಿಲಲ್ಲಿ ಪೆಚ್ಚಾಗುವವರು ಬಹಳ ಜನ.

ಮೊನೆ ಸಂಗ್ರಹ ಇರುವುದು ನೆಲಮಾಳಿಗೆಯ ದೊಡ್ಡ ಸಭಾಂಗಣದಲ್ಲಿ. 1966ರಲ್ಲಿ ಮೊನೆಯ ಮಗ ಮಿಶೆಲ್ ತಂದೆಯ ನೂರಕ್ಕೂ ಹೆಚ್ಚು ಕೃತಿಗಳನ್ನು ಬಿಟ್ಟುಹೋದ ಮೇಲೆ ಇದನ್ನು ಕಟ್ಟಿದರು. ನಮ್ಮ ಚಿತ್ರ ಬಂದದ್ದು ಮಾತ್ರ ಬೇರೆ ದಾರಿಯಲ್ಲಿ. 1874ರಲ್ಲಿ ಬಟ್ಟೆ ವ್ಯಾಪಾರಿ ಎರ್ನೆಸ್ಟ್ ಓಶ್ದೆ 800 ಫ್ರಾಂಕ್ ಕೊಟ್ಟು ಕೊಂಡ. ಮೂರೇ ವರ್ಷಕ್ಕೆ ದಿವಾಳಿಯಾದ. 1878ರ ಹರಾಜಿನಲ್ಲಿ ರುಮೇನಿಯಾ ಮೂಲದ ಹೋಮಿಯೋಪತಿ ವೈದ್ಯ ಜಾರ್ಜ್ ದ ಬೆಲಿಯೊ 210 ಫ್ರಾಂಕಿಗೆ ಎತ್ತಿಕೊಂಡ. (ಓಶ್ದೆಯ ಹೆಂಡತಿ ಆಲಿಸ್, ಅವನು ತೀರಿಕೊಂಡ ಮೇಲೆ 1892ರಲ್ಲಿ ಮೊನೆಯನ್ನು ಮದುವೆಯಾದಳು.) ಬೆಲಿಯೊನ ಮಗಳು ವಿಕ್ಟೊರೀನ್ ಕೈಯಿಂದ ಅದು 1940ರಲ್ಲಿ ಈ ಮನೆಗೆ ಬಂತು. 1985ರ ಅಕ್ಟೋಬರ್ 27ರಂದು, ಜನ ಓಡಾಡುತ್ತಿರುವಾಗಲೇ, ಬಂದೂಕು ಹಿಡಿದ ಕಳ್ಳರು ಇದನ್ನೂ ಸೇರಿಸಿ ಒಂಬತ್ತು ಚಿತ್ರಗಳನ್ನು ಹೊತ್ತೊಯ್ದರು. ಐದು ವರ್ಷ ಕಳೆದು, 1990ರ ಡಿಸೆಂಬರಿನಲ್ಲಿ ಕಾರ್ಸಿಕಾ ದ್ವೀಪದಲ್ಲಿ ಸಿಕ್ಕಿತು.

ಈಗ ಚಿತ್ರ. ಮೊದಲು ನಾಲ್ಕೈದು ಹೆಜ್ಜೆ ದೂರ ನಿಂತು ಎಡದಿಂದ ಬಲಕ್ಕೆ ಓದಿ. ಎಡಭಾಗದಲ್ಲಿ ಹಾಯಿಹಡಗುಗಳ ಕಂಬಗಳು, ಅವುಗಳ ಹಿಂದೆ ಹೊಗೆ ಬಿಡುವ ಚಿಮಣಿಗಳು. ನಡುವೆ ಕಾಣುವ ತೆರಪು ಅಟ್ಲಾಂಟಿಕ್ ದಾಟುವ ಹಡಗುಗಳನ್ನು ಒಳಗೆ ಬಿಡುವ ನೀರ್ಬಾಗಿಲು. ಬಲಗಡೆ ಕ್ರೇನುಗಳು, ಆ ಧಕ್ಕೆಯಲ್ಲಿ ಆಗ ಕಟ್ಟಡದ ಕೆಲಸ ನಡೆಯುತ್ತಿತ್ತು. ಮುಂದೆ ಮೂರು ದೋಣಿ, ಕರ್ಣರೇಖೆಯಲ್ಲಿ. ಹತ್ತಿರದ್ದು ಕಡುಕಪ್ಪು, ಎರಡನೆಯದು ತೆಳು, ಮೂರನೆಯದು ಇದೆಯೋ ಇಲ್ಲವೋ ಅನ್ನುವಂತೆ. ಗೆರೆ ಎಳೆದು ತೋರಿಸಬೇಕಾದ ದೂರವನ್ನು ಈ ಮೂರು ದೋಣಿಗಳ ಕಪ್ಪಿನ ಇಳಿಕೆಯೇ ತೋರಿಸಿಬಿಟ್ಟಿದೆ. ಎಡ ಕೆಳಮೂಲೆಯಲ್ಲಿ ಸಹಿ, ಪಕ್ಕದಲ್ಲಿ ‘72’.

ಆಮೇಲೆ ಒಂದೇ ಮೀಟರ್‌ ಹತ್ತಿರ ಹೋಗಿ ಬಣ್ಣ ಎಷ್ಟು ದಪ್ಪವಿದೆ ಎಂದು ಗಮನಿಸಿ. ಆಕಾಶ, ನೀರು ಎರಡೂ ತೆಳುವಾಗಿ ಸವರಿದವು. ನೀರಿನ ಮೇಲಿನ ಕಿತ್ತಳೆ ಪ್ರತಿಬಿಂಬ ಮಾತ್ರ ದಪ್ಪ ಬಣ್ಣದ ಅಡ್ಡ ಗೀರುಗಳು, ಒಂದರ ಕೆಳಗೊಂದು.

ಸೂರ್ಯನ ಗುಟ್ಟು ಇನ್ನೊಂದಿದೆ. ಅಂಗಡಿಯಲ್ಲಿ ಈ ಚಿತ್ರದ ಒಂದು ಕಾರ್ಡು ಕೊಂಡು, ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಕಪ್ಪು-ಬಿಳುಪಿಗೆ ತಿರುಗಿಸಿ. ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲಿನ ಬೂದು ಆಕಾಶ ಎಷ್ಟು ಬೆಳಗಿದೆಯೋ ಸೂರ್ಯನೂ ಅಷ್ಟೇ ಬೆಳಗಿದ್ದಾನೆ. ವ್ಯತ್ಯಾಸ ಇರುವುದು ಬಣ್ಣದಲ್ಲಿ ಮಾತ್ರ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ಹೀಗೆ ವಿವರಿಸುತ್ತಾರೆ: ಮಿದುಳಿನಲ್ಲಿ ವಸ್ತು ಎಲ್ಲಿದೆ, ಚಲಿಸುತ್ತಿದೆಯೇ ಎಂದು ನೋಡುವ ಭಾಗಕ್ಕೆ ಬಣ್ಣ ತಿಳಿಯದು, ಬೆಳಕಿನ ಏರಿಳಿತವಷ್ಟೇ ತಿಳಿಯುತ್ತದೆ. ಆ ಭಾಗಕ್ಕೆ ಈ ಸೂರ್ಯ ಕಾಣುವುದೇ ಇಲ್ಲ. ಬಣ್ಣ ನೋಡುವ ಭಾಗಕ್ಕೆ ಕಣ್ಣು ಕುಕ್ಕುವಂತೆ ಕಾಣುತ್ತಾನೆ. ಹಾಗಾಗಿ ಅವನು ನಿಂತಲ್ಲೇ ಮಿಡಿಯುತ್ತಿರುವಂತೆ ಅನ್ನಿಸುತ್ತದೆ. ಅಗ್ಗದ ಮುದ್ರಣಗಳಲ್ಲಿ ಸೂರ್ಯನನ್ನು ಹೊಳೆಯಿಸಲು ಹೋಗಿ ಈ ಸಮತೂಕವನ್ನು ಕೆಡಿಸಿರುತ್ತಾರೆ, ಕಾರ್ಡು ಆರಿಸುವಾಗ ಎದುರಿನ ಚಿತ್ರದೊಂದಿಗೆ ಹೋಲಿಸಿ ನೋಡಿ.

ಇದು ಸೂರ್ಯೋದಯವೇ ಎಂಬ ತಕರಾರೂ ಇತ್ತು. 1878ರ ಹರಾಜಿನ ಪಟ್ಟಿಯಲ್ಲಿ ‘ಸೂರ್ಯಾಸ್ತ’ ಎಂದೇ ಬರೆದಿದ್ದರು. ಅದನ್ನು ಬಗೆಹರಿಸಿದ್ದು 2014ರಲ್ಲಿ, ಇದೇ ಮ್ಯೂಸಿಯಂ ಕೇಳಿಕೊಂಡಾಗ, ಟೆಕ್ಸಸ್‌ನ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್. ಅವರ ಲೆಕ್ಕದ ಸಾಮಗ್ರಿ ಹೀಗಿತ್ತು. ಮೊನೆ ಇಳಿದುಕೊಂಡಿದ್ದ ಹೋಟೆಲಿನ ಕಿಟಕಿಯ ಸ್ಥಳ ಗೊತ್ತು, ಆದ್ದರಿಂದ ಸೂರ್ಯನ ದಿಕ್ಕು ಸಿಗುತ್ತದೆ; ಅದರಿಂದ ನವೆಂಬರ್ ನಡುವೆ ಅಥವಾ ಜನವರಿ ಕೊನೆ ಎಂದಾಗುತ್ತದೆ. ದಿಗಂತದಿಂದ ಸೂರ್ಯನ ಎತ್ತರ ಎರಡು ಮೂರು ಡಿಗ್ರಿ, ಅಂದರೆ ಹುಟ್ಟಿ ಇಪ್ಪತ್ತರಿಂದ ಮೂವತ್ತು ನಿಮಿಷ. ದೊಡ್ಡ ಹಡಗುಗಳು ನೀರ್ಬಾಗಿಲಿನ ಬಳಿ ಓಡಾಡಬೇಕಾದರೆ ಸಮುದ್ರದ ಉಬ್ಬರ ಇರಬೇಕು. ಇದರಿಂದ ಕೆಲವೇ ದಿನಗಳು ಉಳಿದವು. ಅಂದಿನ ಹವಾಮಾನ ದಾಖಲೆ ನೋಡಿ ಮಳೆ ಬಿರುಗಾಳಿಯ ದಿನಗಳನ್ನು ತೆಗೆದರು. ಹೊಗೆ ಎಡದಿಂದ ಬಲಕ್ಕೆ ಒಲೆದಿದೆ, ಎಂದರೆ ಮೂಡಣ ಗಾಳಿ, ಅದಕ್ಕೂ ಹೊಂದಬೇಕು. ಕೊನೆಗೆ ಸಹಿಯ ಪಕ್ಕದ ‘72’. ಎಲ್ಲ ಸೇರಿ ಹೆಚ್ಚು ಸಂಭವನೀಯ ದಿನ 1872ರ ನವೆಂಬರ್ 13, ಬೆಳಗ್ಗೆ ಸುಮಾರು 7.35. ಮೊನೆಗೆ ಮೂವತ್ತೆರಡು ತುಂಬುವ ಹಿಂದಿನ ದಿನ.

ಮೂರನೇ ದಿನ, ಶುಕ್ರವಾರ: ಲೆ ಹಾವ್ರ್‌ಗೆ

ಸಾಂ-ಲಜಾರ್‌ನಿಂದ ರೂಆಂ ಮಾರ್ಗವಾಗಿ ಲೆ ಹಾವ್ರ್‌ಗೆ ಎರಡೂಕಾಲು ಗಂಟೆ, ಸ್ವಲ್ಪ ಆಚೀಚೆ. ಸೀಟು ಮೊದಲೇ ಕಾಯ್ದಿರಿಸಿ, ಹಿಂದಿನ ರಾತ್ರಿ ರೈಲ್ವೆ ಮುಷ್ಕರದ ಸುದ್ದಿಯನ್ನೂ ನೋಡಿಕೊಳ್ಳಿ. ನಿಲ್ದಾಣದಿಂದ ಟ್ರಾಮ್ ಹಿಡಿದು ಊರ ನಡುವಿನ ನಗರಸಭೆಯ ಬಳಿ ಇಳಿಯುವುದು. ವಸತಿ ಬಂದರಿನ ಹತ್ತಿರವೇ ಇರಲಿ, ನಾಳೆ ನಸುಕಿನಲ್ಲಿ ನಡೆದು ಹೋಗಬೇಕು.

ಹಳೆಯ ಊರನ್ನು ಹುಡುಕಬೇಡಿ. 1944ರ ಸೆಪ್ಟೆಂಬರಿನ ಬಾಂಬುಗಳಿಗೆ ಅದು ನೆಲಸಮವಾಯಿತು. ಈಗ ಕಾಣುವ ನೇರ ಬೀದಿ, ಕಾಂಕ್ರೀಟಿನ ಸಾಲುಮನೆ ಎಲ್ಲ ಒಗ್ಯುಸ್ತ್ ಪೆರೆ ಎಂಬ ವಾಸ್ತುಶಿಲ್ಪಿಯ ತಂಡ ಕಟ್ಟಿದ್ದು. 2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮೊನೆ ಇಳಿದುಕೊಂಡಿದ್ದ ಹೋಟೆಲ್ ದ ಲಾಮಿರೋತೆಯೂ ಇಲ್ಲ.

ಇಲ್ಲದ ಬಂದರನ್ನು ನೋಡಲು ಒಂದು ಉಪಾಯವಿದೆ: ಮ್ಯೂಮಾ. ಬಂದರಿನ ಬಾಯಲ್ಲೇ ಇರುವ, 1961ರಲ್ಲಿ ತೆರೆದ ಗಾಜಿನ ಮ್ಯೂಸಿಯಂ. ವಾರದ ದಿನಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ. ಇಲ್ಲಿ ಮೊನೆಯ ಸಂಗಡಿಗ ಚಿತ್ರಕಾರ ಕಮಿಲ್ ಪಿಸ್ಸಾರೊ 1903ರ ಬೇಸಿಗೆಯಲ್ಲಿ, ಮೊನೆಯ ಹೋಟೆಲ್ ಇದ್ದ ಧಕ್ಕೆಯ ಮೇಲಿನ ಹೋಟೆಲ್ ಕಿಟಕಿಯೊಂದರಿಂದ ಬರೆದ ಬಂದರಿನ ಚಿತ್ರಗಳಿವೆ. ಮೊನೆ ಮಂಜಿನಲ್ಲಿ ಮುಚ್ಚಿಟ್ಟದ್ದೆಲ್ಲ ಪಿಸ್ಸಾರೊನಲ್ಲಿ ಬಿಸಿಲಿಗೆ ಬಿದ್ದಿದೆ: ಧಕ್ಕೆಯ ಅಂಚು, ಕಟ್ಟೆ, ಜನ, ಹಡಗು ಬರುವ ದಾರಿ. ನಾಳೆಗೆ ಇದೇ ನಕಾಶೆ. ಇವು ಪಿಸ್ಸಾರೊನ ಕೊನೆಯ ಕೃತಿಗಳ ಸಾಲಿನವು. ಅವನು ತೀರಿಕೊಂಡದ್ದು ಅದೇ ವರ್ಷ, ದಿನ ಮತ್ತೆ ನವೆಂಬರ್ 13.

ಸಮಯ ಉಳಿದರೆ ಚಿತ್ರಕಾರ ಯೂಜೀನ್ ಬೂದಾಂನ ಪುಟ್ಟ ಪುಟ್ಟ ಆಕಾಶದ ಅಭ್ಯಾಸಚಿತ್ರಗಳು. ಹದಿಹರೆಯದ ಮೊನೆಯನ್ನು ಬಯಲಿಗೆ ಕರೆದೊಯ್ದು ಬಣ್ಣ ಹಚ್ಚಲು ಕಲಿಸಿದವನು ಬೂದಾಂ. ಐದನೇ ವಯಸ್ಸಿನಿಂದ ಈ ಊರಲ್ಲಿ ಬೆಳೆದ ಹುಡುಗನಿಗೆ ಬಂದರಿನ ಮಂಜು ಹೊಸತೇನೂ ಆಗಿರಲಿಲ್ಲ.

ನಾಲ್ಕನೇ ದಿನ, ಶನಿವಾರ: ನಸುಕು

ಇಲ್ಲಿ ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. 7.35 ಎಂದು ಓದಿಕೊಂಡು ಆ ಹೊತ್ತಿಗೆ ಹೋದವರು ಕತ್ತಲಲ್ಲಿ ಚಳಿಗೆ ನಡುಗುತ್ತ ನಿಲ್ಲುತ್ತಾರೆ. 1872ರಲ್ಲಿ ಊರೂರಿಗೂ ಅದರದೇ ಸೂರ್ಯನ ಗಂಟೆ. ಲೆ ಹಾವ್ರ್ ಗ್ರೀನಿಚ್ ರೇಖೆಯ ಪಕ್ಕದಲ್ಲೇ ಇದೆ, ಫ್ರಾನ್ಸಿನ ಇಂದಿನ ಚಳಿಗಾಲದ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿದೆ. ಆದ್ದರಿಂದ ನವೆಂಬರ್ 13ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು ಈಗಿನ ಲೆಕ್ಕದಲ್ಲಿ ಸುಮಾರು 8.10ಕ್ಕೆ, ಚಿತ್ರದ ಕ್ಷಣ 8.35ಕ್ಕೆ. ಜನವರಿ 26ರ ಆಸುಪಾಸಿನಲ್ಲಾದರೆ ಕ್ರಮವಾಗಿ ಸುಮಾರು 8.40, 9.00. ಏಳೂಮುಕ್ಕಾಲಿಗೆ ಜಾಗ ಹಿಡಿದರೆ ಸಾಕು.

ಜಾಗ ಯಾವುದೆಂದರೆ ಕೆ ದ ಸೌತಾಂಪ್ಟನ್, ಅಂದಿನ ‘ಗ್ರಾಂ ಕೆ’. ಗುರುತು ಹಿಡಿಯುವುದು ಸುಲಭ: ಬಣ್ಣಬಣ್ಣದ 36 ಹಡಗಿನ ಕಂಟೇನರುಗಳನ್ನು ಕಮಾನಾಗಿ ನಿಲ್ಲಿಸಿದ, 288 ಟನ್ ತೂಕದ ವಿನ್ಸೆಂಟ್ ಗಾನಿವೆಯ ಶಿಲ್ಪ ಇದೇ ಧಕ್ಕೆಯಲ್ಲಿದೆ. ನೀರಿಗೆ ಮುಖಮಾಡಿ ನಿಂತು ಮೊಬೈಲಿನ ದಿಕ್ಸೂಚಿ ತೆಗೆಯಿರಿ. ಸೂರ್ಯ ಹುಟ್ಟುವುದು 118 ಡಿಗ್ರಿ ಹತ್ತಿರ. ಇಪ್ಪತ್ತೈದು ನಿಮಿಷದಲ್ಲಿ ಬಲಕ್ಕೆ ಸರಿಯುತ್ತ 123ರ ಬಳಿ ಬಂದಿರುತ್ತಾನೆ. ಕೈ ಚಾಚಿ ಹಿಡಿದರೆ ದಿಗಂತದಿಂದ ಒಂದೂವರೆ ಬೆರಳಿನಷ್ಟು ಮೇಲೆ. ಹಾಯಿಕಂಬಗಳ ಬದಲಿಗೆ ಈಗ ದೊಡ್ಡ ಬಂದರಿನ ಕ್ರೇನುಗಳು ನಿಂತಿವೆ. ಮಂಜಿದ್ದರೆ ವ್ಯತ್ಯಾಸ ಅಷ್ಟೇನೂ ತಿಳಿಯುವುದಿಲ್ಲ.

ಸಮುದ್ರದ ಏರಿಳಿತದ ಪಟ್ಟಿಯನ್ನೂ ನೋಡಿಟ್ಟುಕೊಂಡಿರಬೇಕು. ಉಬ್ಬರ, ನಮ್ಮ ಕರಾವಳಿಯವರ ಮಾತಿನಲ್ಲಿ ಭರತ, ಎಂಟರಿಂದ ಹತ್ತರೊಳಗೆ ಬರುವ ದಿನವೇ ಸರಿ. ಈ ಬಂದರಿನಲ್ಲಿ ತುಂಬಿದ ನೀರು ತಕ್ಷಣ ಇಳಿಯದೆ ಎರಡು ಮೂರು ಗಂಟೆ ನಿಂತುಬಿಡುತ್ತದೆ; ಹಡಗಿನವರಿಗೆ ಇದು ವರ. ಇಳಿತದ ಹೊತ್ತಿಗೆ ಹೋದರೆ ಧಕ್ಕೆಯ ಗೋಡೆ ಮೀಟರುಗಟ್ಟಲೆ ಬರಿದಾಗಿ, ಪಾಚಿ ಕಾಣಿಸುತ್ತಿರುತ್ತದೆ. ಚಿತ್ರದಲ್ಲಿ ಅದಿಲ್ಲ.

ಗಾಳಿ ಕೈಯಲ್ಲಿಲ್ಲ. ಪಡುವಣದ ಕಡಲ ಗಾಳಿ ಬೀಸಿದರೆ ಮೋಡ, ಮಳೆ. ಕಿತ್ತಳೆ ಗುಂಡು ಕಾಣುವುದಿಲ್ಲ. ಹಿಂದಿನ ದಿನ ತಣ್ಣಗೆ, ಗಾಳಿ ಅಲುಗದೆ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಮೋಡವಾದರೆ ನಾಳೆ ಇನ್ನೊಂದು ಬೆಳಗಿದೆ, ಎರಡು ರಾತ್ರಿ ಉಳಿಯುವುದು ಇದಕ್ಕೇ. ಮಂಜಿಲ್ಲದ ಬರಿ ಬಿಸಿಲಾದರೆ ಸೂರ್ಯನನ್ನು ದಿಟ್ಟಿಸಬೇಡಿ, ಕ್ಯಾಮೆರಾ ಜೂಮ್ ಹಾಕಿಯಂತೂ ಬೇಡವೇ ಬೇಡ.

8.35ಕ್ಕೆ ಒಂದು ಕೆಲಸ ಮಾಡಿ. ಮೊನ್ನೆ ಮ್ಯೂಸಿಯಂನಲ್ಲಿ ಕೊಂಡ ಕಾರ್ಡನ್ನು ಎದುರು ಹಿಡಿದು, ನೀರು ಎಷ್ಟು ಜಾಗ ತುಂಬಿದೆ ಎಂದು ಹೋಲಿಸಿ. ಧಕ್ಕೆಯ ಮೇಲೆ ನಿಂತ ಕಣ್ಣಿಗೆ ನೀರು ಒಂದು ತೆಳು ಪಟ್ಟಿ. ಕ್ಯಾನ್ವಾಸಿನಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಎಷ್ಟು ಹಿಂದೆ ಮುಂದೆ ಸರಿದರೂ ಇದು ಕೂಡಿಬರುವುದಿಲ್ಲ, ಮೇಲೆ ಏರಬೇಕು. ಈ ಚಿತ್ರ ಬರೆದದ್ದು ‘ನನ್ನ ಕಿಟಕಿ’ಯಿಂದ ಎಂದು ಮೊನೆ ಹೇಳಿದ್ದ; ಆ ಕಿಟಕಿ ಮಹಡಿಯ ಮೇಲಿನದು ಅನ್ನುವುದು ಕಾಲಿಗೇ ತಿಳಿದುಬಿಡುತ್ತದೆ.

ಹೊತ್ತೇರಿದ ಮೇಲೆ ಪೆರೆಯ ಸಾಂ-ಜೋಸೆಫ್ ಚರ್ಚಿಗೆ ಹೋಗಿ ಬನ್ನಿ. 107 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರ, ಒಳಗೆ 12,768 ಬಣ್ಣದ ಗಾಜುಗಳು. ಬಿಸಿಲು ಬಿದ್ದರೆ ನೆಲವೆಲ್ಲ ಕಿತ್ತಳೆ.

ಐದನೇ ದಿನ, ಭಾನುವಾರ: ಮತ್ತೆ ನೆಲಮಾಳಿಗೆಗೆ

ನಿನ್ನೆ ಸೂರ್ಯ ಕೈಕೊಟ್ಟಿದ್ದರೆ ಇಂದು ಅದೇ ಧಕ್ಕೆ, ಅದೇ ಹೊತ್ತು. ಭಾನುವಾರ ರೈಲು ಕಡಿಮೆ. ಮಧ್ಯಾಹ್ನ ಎರಡರೊಳಗೆ ಪ್ಯಾರಿಸ್ ಮುಟ್ಟುವಂಥದ್ದನ್ನು ಆರಿಸಿ. ಸಾಂ-ಲಜಾರ್‌ನಿಂದ ಸಾಂತೊಗ್ಯುಸ್ತಾಂ ಮೆಟ್ರೊ ನಿಲ್ದಾಣಕ್ಕೆ ಸುರಂಗದಲ್ಲೇ ನಡೆದು 9ನೇ ಲೈನ್ ಹಿಡಿದರೆ ನೇರ ಲಾ ಮ್ಯುಎಟ್. ಮ್ಯೂಸಿಯಂ ಆರಕ್ಕೆ ಮುಚ್ಚುತ್ತದೆ. ಐದರ ಮೇಲೆ ಹೊಸಬರನ್ನು ಒಳಗೆ ಬಿಡುವುದಿಲ್ಲ.

ಈ ಸಲ ಚಿತ್ರದಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕಿ. ಹೋಟೆಲಿಗೂ ನೀರಿಗೂ ನಡುವೆ ರಸ್ತೆಯಿತ್ತು, ಧಕ್ಕೆಯ ಕಲ್ಲುಕಟ್ಟೆಯಿತ್ತು. ಪಿಸ್ಸಾರೊ ಅದರ ಮೇಲೆ ಜನರನ್ನೂ ನಿಲ್ಲಿಸಿದ್ದ. ಮೊನೆಯ ಕ್ಯಾನ್ವಾಸಿನ ಕೆಳ ಅಂಚಿನಲ್ಲಿ ಕಟ್ಟೆಯ ಒಂದು ಗೆರೆಯೂ ಇಲ್ಲ, ಚೌಕಟ್ಟಿನಿಂದಲೇ ನೀರು ಶುರು. ನೋಡುವವರ ಕಾಲ ಕೆಳಗಿನ ನೆಲವನ್ನೇ ತೆಗೆದು, ಹತ್ತಿರದ ದೋಣಿಯ ಎತ್ತರಕ್ಕೆ ತಂದು ಬಿಟ್ಟಿದ್ದಾನೆ. ಆ ದೋಣಿಯಲ್ಲಿ ಇಬ್ಬರಿದ್ದಾರೆ. ಒಬ್ಬ ನಿಂತು ಹುಟ್ಟು ಹಾಕುತ್ತಿದ್ದಾನೆ.